ರಾಗಿಯ ಹಿಂದೆ ರಾಗಿ

ನನ್ನ ಮೊಮ್ಮಗಳು ಹುಟ್ಟಿದ್ದು ಮಗನಿಗೆ ಮದುವೆಯಾಗಿ ಬಹಳ ವರ್ಷಗಳಾದ ಮೇಲೆ. ಹೆಗ್ಗನಹಳ್ಳಿಯ ನಮ್ಮ ಬೀದಿಯಲ್ಲಿ ಆ ಸುದ್ದಿ ಗೊತ್ತಿಲ್ಲದವರು ಇಲ್ಲ, ಯಾಕೆಂದರೆ ಎಲ್ಲರಿಗೂ ಹೇಳಿದವಳು ನಾನೇ. ಸೊಪ್ಪು ಮಾರುವವಳಿಗೆ ಮತ್ತೆ ಮತ್ತೆ ಹೇಳಿ ಬೈಸಿಕೊಂಡಿದ್ದೂ ಉಂಟು. ಈಗ ಬರೆಯಲು ಕೂತರೂ ಕೈ ಬೇರೆ ಮಾತು ಬಿಟ್ಟು ಅವಳ ಕೆನ್ನೆಯ ಕಡೆಗೇ ಹೋಗುತ್ತದೆ. ಆದರೆ ನಾನು ಹೇಳಬೇಕಾಗಿರುವುದು ಅವಳ ಮೊದಲ ಊಟದ ವಿಷಯ. ಅದು ಅಷ್ಟು ನಗುವ ವಿಷಯವಲ್ಲ.

ಆರು ತಿಂಗಳು ತುಂಬಿದಾಗ ಡಾಕ್ಟರು ಇನ್ನು ಮೇಲೆ ಏನಾದರೂ ತಿನ್ನಿಸಿ ಅಂದರು. ಸೊಸೆ ನನ್ನ ಮುಖ ನೋಡಿದಳು. ರಾಗಿ ಸರಿ ಮಾಡುವುದು ನನಗೆ ಬರುತ್ತದೆ, ಅವಳಿಗೆ ಬರುವುದಿಲ್ಲ. ರಾಗಿ ತೊಳೆದು, ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ ಹುರಿದೆ. ಕಲ್ಲು ಇದೆಯೋ ಅಂತ ಕಾಳು ಕಾಳೂ ಆರಿಸಿದೆ. ಆಮೇಲೆ ಡಬ್ಬಿ ಹಿಡಿದುಕೊಂಡು ಹಿಟ್ಟಿನ ಗಿರಣಿಗೆ ಹೋದೆ.

ಗಿರಣಿಯಲ್ಲಿ ಒಂದು ಪದ್ಧತಿ ಇದೆ. ನಮ್ಮ ಸರದಿ ಬಂದಾಗ, ಈಗಷ್ಟೇ ಬೀಸಿಸಿಕೊಂಡವರನ್ನು ಏನು ಬೀಸಿಸಿದಿರಿ ಎಂದು ಕೇಳಬೇಕು. ಕಲ್ಲುಗಳ ನಡುವೆ ಅವರ ಹಿಟ್ಟು ಒಂದಿಷ್ಟು ಉಳಿದಿರುತ್ತದೆ, ನಮ್ಮ ಡಬ್ಬಿಗೆ ಮೊದಲು ಬೀಳುವುದು ಅದೇ. ಅವರದು ಗೋಧಿಯೋ ಹುರುಳಿಯೋ ಆಗಿದ್ದರೆ ಒಂದು ಹಿಡಿ ಅಕ್ಕಿ ಹಾಕಿ ಬೀಸಿ ಆಚೆ ಚೆಲ್ಲುತ್ತಾರೆ. ಕಲ್ಲು ಶುದ್ಧವಾಗುತ್ತದೆ. ರಾಗಿಯ ಹಿಂದೆ ರಾಗಿ ಬಂದರೆ ಅಕ್ಕಿ ಹಾಕುವುದಿಲ್ಲ. ರಾಗಿಗೆ ರಾಗಿ ಸೇರಿದರೆ ಏನಾಯಿತು ಅಂತ.

ಅವತ್ತು ನನ್ನ ಮುಂದೆ ಇದ್ದವಳು ನಮ್ಮ ಬೀದಿಯವಳೇ, ಎರಡು ಮನೆ ಆಚೆ. ನನಗಿಂತ ಚಿಕ್ಕವಳು, ನನ್ನನ್ನು ಅಕ್ಕ ಅನ್ನುತ್ತಾಳೆ. ನಾನು ಕೇಳಿದೆ. ರಾಗಿ ಅಂದಳು. ಚೀಲದ ಬಾಯಿ ಕಟ್ಟುತ್ತಾ, ನನ್ನ ಕಡೆ ನೋಡದೆ ಅಂದಳು. ಗಿರಣಿಯವನು ಅಕ್ಕಿಯ ಡಬ್ಬಕ್ಕೆ ಕೈ ಹಾಕಲಿಲ್ಲ, ನನ್ನ ರಾಗಿಯನ್ನು ಸೀದಾ ಸುರಿದ.

ಮನೆಗೆ ಬಂದು ತೆಳು ಪಂಚೆಯಲ್ಲಿ ಹಿಟ್ಟು ಸೋಸಿ, ಸರಿ ಕಾಯಿಸಿ, ಮೊದಲ ಚಮಚ ಇಟ್ಟೆ. ಮಗ ನಾಯಂಡಹಳ್ಳಿಯ ವರ್ಕ್‌ಶಾಪಿನಿಂದ ಅರ್ಧ ದಿನ ರಜ ಹಾಕಿ ಬಂದಿದ್ದ. ಸೊಸೆ ಮೊಬೈಲಿನಲ್ಲಿ ಹಿಡಿದಳು. ಮಗು ಒಂದು ಸಲ ಮುಖ ಹುಳ್ಳಗೆ ಮಾಡಿ, ಆಮೇಲೆ ಬಾಯಿ ತೆರೆದು ನನ್ನ ಕೈಯನ್ನೇ ಎಳೆದುಕೊಂಡಿತು. ನನಗೆ ಬೇರೆ ಯಾವ ಸುಖವೂ ಬೇಡ ಅನ್ನಿಸಿತು.

ಅದೇ ದಿನಗಳಲ್ಲಿ ಮೊಬೈಲುಗಳಲ್ಲಿ ನಾಯಿಗಳ ಸುದ್ದಿ ಓಡಾಡುತ್ತಿತ್ತು. ಪ್ಯಾಕೆಟ್ಟಿನಲ್ಲಿ ಬರುವ ನಾಯಿ ಊಟದಲ್ಲಿ ಏನೋ ಸೇರಿದೆಯಂತೆ, ವಿಜಯನಗರದ ಕಡೆ ನಾಯಿಗಳು ವಾಂತಿ ಮಾಡಿ ಮಲಗುತ್ತಿವೆಯಂತೆ. ನಿಜವೋ ಸುಳ್ಳೋ ಯಾರಿಗೂ ಗೊತ್ತಿಲ್ಲ. ಮಗ ಊಟ ಮಾಡುತ್ತಾ ಅದನ್ನು ಓದಿದ. ಮೊನ್ನೆ ಹಾಲು, ನಿನ್ನೆ ಕಲ್ಲಂಗಡಿ, ಇವತ್ತು ನಾಯಿದೂ ಶುರುವಾಯಿತಾ ಅಂದಳು ಸೊಸೆ. ನಮ್ಮ ಮನೆಯಲ್ಲಿ ನಾಯಿ ಇಲ್ಲ. ಕೇಳಿ ಬಿಟ್ಟುಬಿಟ್ಟೆವು.

ಕೆಲವು ದಿನ ಕಳೆದ ಮೇಲೆ ಎರಡು ಮನೆ ಆಚೆಯವಳು ಬಂದು ಬಾಗಿಲಲ್ಲಿ ನಿಂತಳು. ಒಳಗೆ ಬಾ ಅಂದರೆ ಬರಲಿಲ್ಲ. ಸೆರಗಿನ ತುದಿಯನ್ನು ಹಿಂಡುತ್ತಿದ್ದಳು.

"ಅಕ್ಕ, ಅವತ್ತು ಗಿರಣೀಲಿ ನಾನು ಬೀಸಿಸಿದ್ದು ಬರೀ ರಾಗಿ ಅಲ್ಲ ಕಣಕ್ಕ. ನಾಯಿ ಕಾಳೂ ಸೇರ್ಸಿದ್ದೆ."

ಅವಳ ಮನೆಯಲ್ಲಿ ಒಂದು ಮುದಿ ನಾಯಿ ಇತ್ತು. ಹಲ್ಲೆಲ್ಲ ಬಿದ್ದು ಅದಕ್ಕೆ ಪ್ಯಾಕೆಟ್ಟಿನ ಕಾಳು ಅಗಿಯಲು ಆಗುತ್ತಿರಲಿಲ್ಲ. ರಾಗಿ ಜೊತೆ ಬೀಸಿ ಅಂಬಲಿ ಮಾಡಿ ಹಾಕೋಣ ಅಂದುಕೊಂಡಿದ್ದಳು. ಆ ಕಾಳಿನಲ್ಲಿ ಮಾಂಸ ಇರುತ್ತದಲ್ಲ, ಸಾಲಿನಲ್ಲಿ ನಿಂತವರಿಗೆ ಗೊತ್ತಾದರೆ ಜಗಳಕ್ಕೇ ಬರುತ್ತಾರೆ ಅಂತ ರಾಗಿ ಅಂದುಬಿಟ್ಟಿದ್ದಳು. ಈಗ ನಾಯಿ ನಿನ್ನೆಯಿಂದ ಎದ್ದಿಲ್ಲ. ದನದ ಆಸ್ಪತ್ರೆಯವರು ಪ್ಯಾಕೆಟ್ ನಿಲ್ಲಿಸು ಅಂದಿದ್ದಾರೆ. ಆಗ ಅವಳಿಗೆ ನನ್ನ ಡಬ್ಬಿ ನೆನಪಾಗಿದೆ.

ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆ. ಬೇರೆ ದಿನವಾಗಿದ್ದರೆ ಮಾಂಸ ಅನ್ನುವ ಮಾತಿಗೇ ನಾನು ತಲೆಗೆ ನೀರು ಸುರಿದುಕೊಳ್ಳುತ್ತಿದ್ದೆ. ಆ ಹೊತ್ತಿನಲ್ಲಿ ಅದು ಮನಸ್ಸಿಗೂ ಬರಲಿಲ್ಲ. ಎದ್ದಿಲ್ಲ ಅಂದಳಲ್ಲ, ಅಷ್ಟೇ ಕಿವಿಯಲ್ಲಿ ನಿಂತಿತ್ತು.

ನನ್ನ ಬೆನ್ನ ಹಿಂದೆ ಸೊಸೆ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ಎಲ್ಲ ಕೇಳಿಸಿಕೊಂಡಿದ್ದಳು. ನನ್ನನ್ನು ಕೇಳಿದಳು.

"ಅತ್ತೆ, ಬೆಳಿಗ್ಗೆ ಎಷ್ಟು ತಿನ್ಸಿದ್ರಿ?"

ಬಟ್ಟಲು ಖಾಲಿಯಾಗಿತ್ತು. ಖಾಲಿ ಮಾಡಿದಳು ನೋಡು ಅಂತ ನಾನೇ ಅವಳಿಗೆ ತೋರಿಸಿದ್ದೆ.

ಆಟೋ ಹಿಡಿದು ಮಾಗಡಿ ರೋಡಿನ ಮಕ್ಕಳ ಡಾಕ್ಟರ ಹತ್ತಿರ ಓಡಿದೆವು. ಅವರು ಹೊಟ್ಟೆ ಒತ್ತಿದರು, ಕಣ್ಣಿಗೆ ಟಾರ್ಚ್ ಬಿಟ್ಟರು. ಮಗು ಟಾರ್ಚನ್ನು ಕಿತ್ತುಕೊಳ್ಳಲು ನೋಡಿ ನಗಾಡಿತು. ಈಗ ಚೆನ್ನಾಗಿದ್ದಾಳೆ, ಆ ಹಿಟ್ಟು ಎಸೆಯಿರಿ, ವಾಂತಿಯಾದರೆ, ಉಚ್ಚೆ ಕಡಿಮೆಯಾದರೆ ತಕ್ಷಣ ಬನ್ನಿ ಅಂದರು. ವಿಷ ಇತ್ತೋ ಇಲ್ಲವೋ ಅದನ್ನು ಹೇಳಿ ಸ್ವಾಮಿ ಎಂದು ನಾನು ಹಟ ಹಿಡಿದೆ.

"ಅಜ್ಜಿ, ಆ ಪ್ಯಾಕೆಟ್‌ನಲ್ಲಿ ಏನಿತ್ತು ಅಂತ ಇನ್ನೂ ಯಾರಿಗೂ ಗೊತ್ತಿಲ್ಲ. ನಾನು ಮಗೂನ ನೋಡಿ ಹೇಳ್ಬೋದು, ಅಷ್ಟೇ."

ಆಮೇಲಿನ ದಿನಗಳಲ್ಲಿ ಒದ್ದೆ ಬಟ್ಟೆ ಕಂಡರೆ ನನಗೆ ಹಬ್ಬ. ಒಗೆಯುವಾಗ ಒಬ್ಬಳೇ ನಗುತ್ತಿದ್ದೆ, ಹಾಗೇ ಕಣ್ಣಲ್ಲಿ ನೀರು ಬರುತ್ತಿತ್ತು. ಮಗುವಿಗೆ ಏನೂ ಆಗಲಿಲ್ಲ. ಅವಳು ತೆವಳಲು ಕಲಿತದ್ದೂ ಆ ದಿನಗಳಲ್ಲೇ. ಆ ಮನೆಯ ನಾಯಿ ಮಾತ್ರ ಉಳಿಯಲಿಲ್ಲ. ನನ್ನ ಮಗನೂ ಹೋಗಿ ಎತ್ತಲು ಕೈ ಜೋಡಿಸಿದ. ವಯಸ್ಸಾಗಿ ಹೋಯಿತೋ, ಪ್ಯಾಕೆಟ್ಟಿನಿಂದ ಹೋಯಿತೋ, ಹೇಳುವವರು ಇರಲಿಲ್ಲ. ನಮ್ಮ ಬೀದಿಯ ಅಂಗಡಿಯವನು ಆ ಪ್ಯಾಕೆಟ್ಟುಗಳನ್ನು ಒಳಗಿಟ್ಟು, ಅದೇ ಜಾಗಕ್ಕೆ ಬೇರೆ ಬಣ್ಣದವನ್ನು ತಂದು ತೂಗುಹಾಕಿದ. ಅದರ ಮೇಲೂ ಒಂದು ನಾಯಿ ನಾಲಿಗೆ ಚಾಚಿ ನಗುತ್ತಿತ್ತು.

ಸೊಸೆ ಮೆಡಿಕಲ್ ಸ್ಟೋರಿನಿಂದ ಮಕ್ಕಳ ಊಟದ ಡಬ್ಬ ತಂದಳು. ಯಾವ ಮುಖ ಇಟ್ಟುಕೊಂಡು ಬೇಡ ಅನ್ನಲಿ? ಅವಳು ಡಬ್ಬವನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರವನ್ನೆಲ್ಲ ಓದಿದಳು. ಓದಿ ಮುಗಿಸಿ, ಮುಚ್ಚಳ ತೆಗೆಯದೆ ಕೆಳಗಿಟ್ಟಳು.

"ಇದನ್ನ ಎಲ್ಲಿ ಬೀಸಿದ್ರೋ, ಇದಕ್ಕೆ ಮುಂಚೆ ಏನು ಬೀಸಿದ್ರೋ. ಯಾರನ್ನ ಕೇಳ್ಲಿ ಅತ್ತೆ?"

ಗಿರಣಿಯಲ್ಲಾದರೆ ಕೇಳಲು ಒಬ್ಬಳು ಇದ್ದಳು, ಸುಳ್ಳು ಹೇಳಿದಳು, ಆದರೆ ತಾನೇ ಬಂದು ನಿಜವನ್ನೂ ಹೇಳಿದಳು. ಡಬ್ಬವನ್ನು ಪಕ್ಕಕ್ಕೆ ತಳ್ಳಿ ಸೊಸೆಯೇ ಅಂದಳು, ಮತ್ತೆ ರಾಗಿ ನೆನೆಹಾಕಿ, ಈ ಸಲ ನಾನೂ ಬರುತ್ತೇನೆ ಎಂದು.

ಗಿರಣಿಯಲ್ಲಿ ಮುಂದಿದ್ದವರು ಗೋಧಿ ಅಂದರು. ಸೊಸೆ ಬಗ್ಗಿ ಅವರ ಚೀಲದೊಳಗೆ ಕೈ ಹಾಕಿ ನೋಡಿದಳು.

"ಏನಮ್ಮಾ, ನೀನೇನು ಪೊಲೀಸಾ?"

"ಮನೇಲಿ ಪುಟ್ಟ ಮಗು ಇದೆ ಆಂಟಿ. ಬೇಜಾರು ಮಾಡ್ಕೋಬೇಡಿ."

ಆಕೆ ಮುಖ ಸಿಂಡರಿಸಿದರೂ ಚೀಲವನ್ನು ಇನ್ನಷ್ಟು ಅಗಲಿಸಿ ಹಿಡಿದರು. ಗಿರಣಿಯವನು ಒಂದು ಹಿಡಿ ಅಕ್ಕಿ ಹಾಕಿದ. ಇನ್ನೊಂದು ಹಾಕಿ ಅಂದಳು. ಗೊಣಗಿಕೊಂಡೇ ಹಾಕಿದ.

ಬೆಳಿಗ್ಗೆಯೇ ಸರಿ ಕಾಯಿಸಿದೆ. ಮಗುವಿಗೆ ಮುಂಚೆ ನಾನು ತಿನ್ನುತ್ತೇನೆ ಅಂದೆ. ತಾನು ತಿನ್ನುತ್ತೇನೆ ಎಂದು ಸೊಸೆ ಬಟ್ಟಲಿಗೆ ಕೈ ಹಾಕಿದಳು.

"ನೀನು ಹಾಲು ಕುಡಿಸೋಳು ಕಣೇ. ಸುಮ್ನೆ ಕೂತ್ಕೋ."

ಬಟ್ಟಲು ಪೂರ್ತಿ ತಿಂದೆ. ಸಂಜೆಯವರೆಗೆ ನೋಡೋಣ ಅಂದಳು. ಅವತ್ತೆಲ್ಲ ನಾನು ಕೆಮ್ಮಿದರೆ ಅವಳು ಅಡುಗೆಮನೆಯಿಂದ ಓಡಿ ಬರುತ್ತಿದ್ದಳು. ಸಂಜೆ ಹೊಸದಾಗಿ ಸರಿ ಕಾಯಿಸಿ, ಆರಿಸಿ, ಮಗುವನ್ನು ನನ್ನ ಮುಂದೆ ಕೂರಿಸಿದಳು. ಈ ಸಲ ಮೊಬೈಲ್ ತೆಗೆಯಲಿಲ್ಲ. ಮೊದಲ ಚಮಚಕ್ಕೆ ಮಗು ಬಾಯಿ ಚಪ್ಪರಿಸಿ ನುಂಗಿತು. ಸೊಸೆ ಅದರ ಗಂಟಲನ್ನೇ ನೋಡುತ್ತಾ ಕೂತಿದ್ದಳು. ಇನ್ನೂ ಕೊಡಲೇ ಎಂದು ಕೇಳಿದೆ. ಬೆರಳಿನಿಂದ ಮಗುವಿನ ತುಟಿ ಒರೆಸಿ, ಕೊಡಿ ಅಂದಳು.