ಆಮಾ ಮೊಲದ ದಿನ ಮನೆ ಬದಲಿಸಿದ್ದು

ನಮ್ಮ ಆಮಾ, ಎಂದರೆ ಅಪ್ಪನ ತಾಯಿ ಲಿಮ್ ಗೈಕ್ ಸೀ, ಎಂಬತ್ತರ ವಯಸ್ಸಿನಲ್ಲಿ ಪ್ರೇಮದಲ್ಲಿ ಬಿದ್ದಿದ್ದಾಳೆಂದು ನಾನು ಬಹಳ ದಿನ ನಂಬಿದ್ದೆ. ಬುಧವಾರ ಬಂತೆಂದರೆ ತುಟಿಗೆ ಕೆಂಪು ಬಳಿದುಕೊಂಡು ಡ್ರೈವರ್ ರಮ್ಲಿಯ ಟ್ಯಾಕ್ಸಿ ಹತ್ತುತ್ತಿದ್ದಳು. ಎಲ್ಲಿಗೆ ಎಂದರೆ ದೇವಸ್ಥಾನಕ್ಕೆ. ಅಷ್ಟು ಕೆಂಪು ಬಳಿದುಕೊಂಡು ನಮ್ಮ ಮಲೇಷಿಯಾದ ಪೆನಾಂಗಿನಲ್ಲಿ ಯಾರೂ ದೇವರ ಮುಂದೆ ನಿಲ್ಲುವುದಿಲ್ಲ. ನನಗೆ ರಮ್ಲಿಯ ಮೇಲೆ ಗುಮಾನಿ. ಅದಕ್ಕಿಂತ ಹೆಚ್ಚು ಹೊಟ್ಟೆಕಿಚ್ಚು. ಅಂಗಡಿಯಲ್ಲಿ ದಿನವಿಡೀ ಜೋಡಿ ಹಾಸಿಗೆ ಮಾರಿ ಮನೆಗೆ ಬಂದು ಒಂಟಿ ಹಾಸಿಗೆಯಲ್ಲಿ ಮಲಗುವವನು ನಾನು.

ಮನೆಯಲ್ಲಿ ಆಗ ಇನ್ನೊಂದು ಗುಟ್ಟೂ ನಡೆದಿತ್ತು. ಆಮಾ ಬಚ್ಚಲಲ್ಲಿ ಜಾರಿ ಬಿದ್ದಿದ್ದಳು, ಗಂಜಿ ಒಲೆಯ ಮೇಲಿಟ್ಟು ಮರೆತಿದ್ದಳು. ಹಗಲು ಹೊತ್ತು ಜೊತೆಗೆ ಯಾರೂ ಇಲ್ಲ. ಅವಳನ್ನು ವೃದ್ಧಾಶ್ರಮಕ್ಕೆ ಸೇರಿಸುವುದು ಯಾವಾಗ ಎಂದು ಭಾನುವಾರಗಳಲ್ಲಿ ದೊಡ್ಡಪ್ಪ, ಅತ್ತೆ, ನಾನು ಅಡುಗೆಮನೆಯಲ್ಲಿ ಪಿಸುಗುಟ್ಟುತ್ತಿದ್ದೆವು. ಆ ಮಾತು ಬಾಯಿಬಿಟ್ಟು ಹೇಳಿದವರೇ ಹೆತ್ತವಳನ್ನು ಹೊರಹಾಕಿದ ಪಾಪಿಗಳಾಗುತ್ತಾರಲ್ಲ! ಅದಕ್ಕೇ ದೊಡ್ಡಪ್ಪ ಚೀನೀ ಪಂಚಾಂಗ ಬಿಚ್ಚುತ್ತಿದ್ದ. ಈ ತಿಂಗಳು ಮನೆ ಬದಲಿಸಲು ದಿನ ಚೆನ್ನಾಗಿಲ್ಲ. ಮುಂದಿನದು ಪ್ರೇತಗಳ ತಿಂಗಳು, ಕೇಳುವುದೇ ಬೇಡ. ಎಲ್ಲರೂ ನಿಟ್ಟುಸಿರು ಬಿಟ್ಟು ಕಡಲೆಕಾಯಿ ಬಿಸ್ಕತ್ತು ತಿನ್ನುತ್ತಿದ್ದೆವು.

ಒಂದು ಬುಧವಾರ ರಜೆ ಹಾಕಿ, ಬೈಕಿನಲ್ಲಿ ಟ್ಯಾಕ್ಸಿಯ ಬೆನ್ನು ಹತ್ತಿದೆ. ಅದು ನೀಲಿ ಗೇಟಿನ ಬಂಗಲೆಯ ಮುಂದೆ ನಿಂತಿತು. ರಮ್ಲಿ ಅವಳನ್ನು ಇಳಿಸಿ, ಸೀಟು ಹಿಂದಕ್ಕೆ ವಾಲಿಸಿ ಗೊರಕೆ ಹೊಡೆಯತೊಡಗಿದ. ಪ್ರೇಮಿಯ ಲಕ್ಷಣವಲ್ಲ. ಗೋಡೆಯಾಚೆ ಇಣುಕಿದೆ: ಆಮಾ ಮುದುಕಿಯರ ನಡುವೆ ಕೂತು ಸೂಪು ಹೀರಿ, ಅಡುಗೆಯವಳನ್ನು ಕರೆದು ಉಪ್ಪಿನ ಬಗ್ಗೆ ಬುದ್ಧಿ ಹೇಳುತ್ತಿದ್ದಳು. ಅದು ವೃದ್ಧಾಶ್ರಮ!

"ಹೆಲ್ಮೆಟ್ ತೆಗ್ದು ಒಳಗ್ ಬಾರೋ, ಕಳ್ಳ ಅಂದ್ಕೊಂಡಾರು!" ಎಂದಳು ಆಮಾ, ತಿರುಗಿಯೂ ನೋಡದೆ.

"ಆಮಾ, ನೀನು ಇಲ್ಲಿ..."

"ಭಾನುವಾರ ನೀವು ಗುಸುಗುಸು ಅನ್ನೋದು ಕೇಳ್ಸಲ್ವಾ? ನಂಗೆ ಹೋಗಿರೋದು ಕಾಲು ಕಣೋ, ಕಿವಿಯಲ್ಲ. ಇದು ನಾನು ತುಟಿಗೆ ಬಣ್ಣ ಬಳ್ಕೊಂಡು ಬಂದು ನೋಡಿದ ಮೂರನೇ ಜಾಗ. ಮೊದಲ್ನೇದ್ರಲ್ಲಿ ಗಂಜಿ ನೀರು ನೀರು. ಎರಡ್ನೇದ್ರಲ್ಲಿ ಎಲ್ರೂ ಟಿವಿ ಮುಂದೆ ನಿದ್ದೆ. ಇಲ್ಲಿ ಮಾಜಾಂಗ್ ಆಡೋಕೆ ಮೂರೇ ಜನ ಇದಾರೆ, ನಾಲ್ಕನೇ ಕುರ್ಚಿ ಖಾಲಿ. ನಿಮ್ ದೊಡ್ಡಪ್ಪನ ಪಂಚಾಂಗಕ್ಕೆ ಕಾಯ್ತಾ ಕೂತ್ರೆ ಬೇರೆ ಯಾವಳೋ ಬಂದು ಕೂರ್ತಾಳೆ."

ಒಳಗೆ ಹೋಗಿ, ಕಸುಬಿನ ಚಾಳಿಗೆ ಒಂದು ಹಾಸಿಗೆಯ ಮೇಲೆ ಉರುಳಿ ಸ್ಪ್ರಿಂಗ್ ಪರೀಕ್ಷಿಸಿದೆ. ನರ್ಸಮ್ಮ ಬಂದು ನೋಡಿ, "ಇವ್ರೂ ಸೇರ್ಕೋತಾರಾ?" ಎಂದಳು.

"ಕೊಟ್ರೆ ಇವತ್ತೇ ಸೇರ್ಕೋತಾನೆ, ಸೋಮಾರಿ!" ಎಂದಳು ಆಮಾ.

ಮುಂದಿನ ಭಾನುವಾರ ಅವಳೇ ನಮ್ಮ ಸಭೆಗೆ ಬಂದು ಕೂತಳು. "ಬುಧವಾರ ಹೋಗ್ತೀನಿ" ಎಂದಳು. ಅತ್ತೆ ಸೆರಗಿಲ್ಲದ್ದಕ್ಕೆ ಟೀ ಒರೆಸುವ ಬಟ್ಟೆಯಿಂದಲೇ ಕಣ್ಣೊರೆಸಿಕೊಂಡಳು. ದೊಡ್ಡಪ್ಪ ಗಾಬರಿಯಿಂದ ಹಾಳೆ ಮಗುಚಿದ. "ಅಮ್ಮಾ, ಬುಧವಾರ ಮೊಲದ ದಿನ. ನೀನು ಹುಂಜದ ವರ್ಷ ಹುಟ್ಟಿದೋಳು. ಹುಂಜಕ್ಕೂ ಮೊಲಕ್ಕೂ ಆಗಿಬರಲ್ಲ!"

"ಎಂಬತ್ತು ವರ್ಷದ ಹುಂಜ ಮೊಲಕ್ಕೆ ಹೆದರುತ್ತೇನೋ?"

ಬುಧವಾರ ನೀಲಿ ಗೇಟಿನ ಮನೆಯ ಹೊಸ್ತಿಲಲ್ಲಿ ಆಮಾ ಅನಾನಸು ಕೇಳಿ ತೆಗೆದುಕೊಂಡಳು. ನಮ್ಮಲ್ಲಿ ಹೊಸ ಮನೆಗೆ ಕಾಲಿಡುವ ಮುಂಚೆ ಅದೃಷ್ಟಕ್ಕೆಂದು ಅದನ್ನು ಒಳಗೆ ಉರುಳಿಸಲೇಬೇಕು. ನಾವು ಮೆತ್ತಗೆ ಉರುಳಿಸುವವರು. ಅವಳು ಎರಡೂ ಕೈಯಿಂದ ಬೀಸಿ ಬಿಟ್ಟಳು. ನಡುಮನೆಯ ನೆಲ ಕೊಂಚ ಇಳಿಜಾರು. ಅನಾನಸು ಗಾಲಿಕುರ್ಚಿಗಳ ಸಾಲಿನ ನಡುವೆ ಕುಪ್ಪಳಿಸುತ್ತ ಓಡಿತು. ಮುದುಕರು ಕಾಲೆತ್ತಿಕೊಂಡು, "ಹ್ವಾತ್ ಆ! ಅದೃಷ್ಟ ಬಂತು, ದಾರಿ ಬಿಡಿ!" ಎಂದು ಕೂಗಿದರು. ಹಿಂದೆ ನಾನು, ನನ್ನ ಹಿಂದೆ ನರ್ಸಮ್ಮ. ಅದು ಅಡುಗೆಮನೆ ಹೊಕ್ಕು ಅಡುಗೆಯವಳ ಚಪ್ಪಲಿಗೆ ಗುದ್ದಿ ನಿಂತಿತು. ಅತ್ತೆ ಕೂಡ ಅಳುವುದು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಗು ಇಳಿದ ಮೇಲೆ ಅನಾನಸು ಎತ್ತಿಕೊಂಡು ನಡುಮನೆಗೆ ಬಂದೆ. ಆಮಾ ಆಗಲೇ ನಾಲ್ಕನೆಯ ಕುರ್ಚಿಯಲ್ಲಿ ಕೂತು ಮಾಜಾಂಗ್ ಬಿಲ್ಲೆಗಳನ್ನು ಜೋಡಿಸುತ್ತಿದ್ದಳು. ಪಕ್ಕದಲ್ಲಿ ಬಗ್ಗಿ ಕೇಳಿದೆ: "ನಿಜ ಹೇಳು ಆಮಾ. ಕೆಲಸ ಬಿಟ್ಟು ನಾನೇ ನಿನ್ನನ್ನ ನೋಡ್ಕೋತೀನಿ ಅಂದಿದ್ರೆ ಮನೇಲೇ ಇರ್ತಿದ್ಯಾ?"

"ನೀನಾ?" ಎಂದಳು, ಬಿಲ್ಲೆಯಿಂದ ಕಣ್ಣೆತ್ತದೆ. "ಬಚ್ಚಲಲ್ಲಿ ಬಿದ್ದಾಗ ಕಣ್ಣು ಮುಚ್ಕೊಂಡು ಎತ್ತೋಕೆ ಬಂದು, ಬಾಗಿಲಿಗೆ ತಲೆ ಹೊಡ್ಕೊಂಡು ಕೂತೆ. ಕೊನೆಗೆ ನಾನೇ ನಿನ್ನ ಎಬ್ಬಿಸ್ದೆ. ನಂಗೆ ಸ್ನಾನ ಮಾಡ್ಸೋಕೆ ನಾಚ್ಕೊಳ್ದೇ ಇರೋರು ಬೇಕು ಕಣೋ. ಮನೇಲಿ ಇರ್ತಿರ್ಲಿಲ್ಲ."