ಮೇನಾದೇವಿಯ ಮುಖ

"ಅಳಿಸಿ" ಅಂದರು ಸಾಹುಕಾರರು. ನಾನು ಸಣ್ಣ ಬ್ರಷ್ಷನ್ನು ಕಪ್ಪಿನಲ್ಲಿ ಅದ್ದಿ ಕಣ್ಣು ಬರೆದುಬಿಟ್ಟೆ.

ಮೊನ್ನೆ ಮಂಗಳವಾರದ ಮಾತು. ಅಂದಿನಿಂದ ಅರಸೀಕೆರೆಯ ಅರ್ಧ ಊರು ನನ್ನನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಿದೆ. ಉಳಿದರ್ಧ ಕಾಫಿ ಕೊಡಿಸಿ, ನಡೆದದ್ದೇನು ಅಂತ ಕೇಳುತ್ತಿದೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು (ಕಾಫಿಯೂ ಹೆಚ್ಚಾಯಿತು). ಅದಕ್ಕೇ ಈ ವಾರ ಪತ್ರಿಕೆಯ ಈ ಅಂಕಣದಲ್ಲೇ ಬರೆದುಬಿಡುತ್ತೇನೆ.

ಸಾಹುಕಾರ ಗುರುಸಿದ್ದಪ್ಪನವರು ಕೊಬ್ಬರಿ ಮಂಡಿಯವರು. ಸ್ಟೇಷನ್ನಿನ ಹತ್ತಿರ ಒಂದು ಛತ್ರ ಕಟ್ಟಿಸಿದ್ದಾರೆ. ಅದರ ಊಟದ ಹಾಲಿನ ಗೋಡೆಗೆ ಗಿರಿಜಾ ಕಲ್ಯಾಣ ಬರೆಯಬೇಕು ಅಂತ ನನ್ನನ್ನು ಕರೆಸಿದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ಯುದ್ಧ ಶುರುವಾದ ಮೇಲೆ ವಿಲಾಯತಿ ನೀಲಿ ಸಿಗುತ್ತಿಲ್ಲ. ಶಿವನ ಕೊರಳಿಗೆ ಅದೇ ನೀಲಿ ಬೇಕು ಅಂತ ಬೊಂಬಾಯಿಗೆ ಆಳು ಕಳಿಸಿ ತರಿಸಿದರು. ಮಧ್ಯಾಹ್ನ ಅವರ ಮನೆಯಿಂದಲೇ ನನಗೆ ಊಟದ ಕ್ಯಾರಿಯರ್ ಬರುತ್ತಿತ್ತು. ತುಪ್ಪದಲ್ಲಿ ಜಿಪುಣತನ ಇರಲಿಲ್ಲ.

ನಾನು ಅವರಿಗೊಂದು ಪುಸ್ತಕ ತೋರಿಸಿದೆ. ತೋರಿಸಬಾರದಿತ್ತೋ ಏನೋ. ಮೈಸೂರಿನಲ್ಲಿ ಚಿತ್ರ ಕಲಿಯುವಾಗ ನಮ್ಮ ಡ್ರಾಯಿಂಗ್ ಮೇಷ್ಟ್ರು ಕೊಟ್ಟದ್ದು. ನಾಲ್ಕೈದು ನೂರು ವರ್ಷಗಳ ಹಿಂದಿನ ಇಟಲಿಯ ಚಿತ್ರಗಳು. ಅಲ್ಲಿಯ ಪದ್ಧತಿ ಕೇಳಿ. ಬಡ್ಡಿ ವ್ಯವಹಾರದಲ್ಲೋ ಉಣ್ಣೆ ವ್ಯಾಪಾರದಲ್ಲೋ ದುಡ್ಡು ಮಾಡಿದ ದೊಡ್ಡವರು ಚರ್ಚಿಗೆ ಚಿತ್ರ ಬರೆಸುತ್ತಿದ್ದರು. ಯಾವ ನೀಲಿ, ಎಷ್ಟು ಚಿನ್ನದ ರೇಕು, ಎಲ್ಲ ಕಾಂಟ್ರ್ಯಾಕ್ಟಿನಲ್ಲೇ ಬರೆಸುತ್ತಿದ್ದರು. ಆಮೇಲೆ ಅದೇ ಚಿತ್ರದ ಮೂಲೆಯಲ್ಲಿ ತಾವೂ ಮಂಡಿಯೂರಿ, ದೇವಮಾತೆಯ ಮುಂದೆ ಕೈ ಮುಗಿದು ಕೂತುಬಿಡುತ್ತಿದ್ದರು. ಬರೆಸಿದ್ದು ಯಾರು ಅಂತ ನೋಡಿದವರಿಗೆಲ್ಲ ತಿಳಿಯಬೇಡವೇ?

ಸಾಹುಕಾರರು ಆ ಪುಟ ಬಿಟ್ಟು ಮುಂದಕ್ಕೆ ಹೋಗಲೇ ಇಲ್ಲ. ತಮ್ಮನ್ನೂ ಹೀಗೇ ಕೂರಿಸಬೇಕು ಅಂದರು. ಜರಿ ರುಮಾಲು ಇರಲಿ, ಉಂಗುರ ಕಾಣಲಿ, ಹೊಟ್ಟೆ ಸ್ವಲ್ಪ ಕಡಿಮೆ ಇರಲಿ ಅಂದರು. (ಹೊಟ್ಟೆಯ ವಿಷಯದಲ್ಲಿ ಕೈಲಾದಷ್ಟು ಮಾಡಿದ್ದೇನೆ.)

ಅದೇ ಉತ್ಸಾಹದಲ್ಲಿ ತಮ್ಮ ಮೋಟಾರಿನಲ್ಲಿ ನನ್ನನ್ನು ಹಳೇಬೀಡು, ಬೇಲೂರಿಗೂ ಕರೆದುಕೊಂಡು ಹೋದರು. ಕಟ್ಟಿಸಿದ ರಾಜನ ಹೆಸರನ್ನು ಜನ ಇವತ್ತಿಗೂ ಹೇಳುತ್ತಾರೆ ನೋಡಿ ಅಂದರು. ವಿಗ್ರಹಗಳ ಬುಡದಲ್ಲಿ ಕೆತ್ತಿದವರು ತಮ್ಮ ಹೆಸರನ್ನೂ ಕೊರೆದಿಟ್ಟಿರುವುದನ್ನು ನಾನು ತೋರಿಸಿದೆ. ಸಾಹುಕಾರರು ಗಡಿಯಾರ ನೋಡಿಕೊಂಡರು.

ಬೇಲೂರಿನಲ್ಲಿ ಕನ್ನಡಿ ಹಿಡಿದು ನಿಂತ ಚೆಲುವೆ ರಾಣಿಯೇ ಅಂತ ಗುಡಿ ತೋರಿಸುವವರು ಹೇಳುತ್ತಾರೆ. ಇರಬಹುದು. ಆದರೆ ಅಲ್ಲಿ ಇನ್ನೂ ಎಷ್ಟೋ ಜನ ಇದ್ದಾರಲ್ಲ? ಗಿಳಿ ಹಿಡಿದವಳು, ಒದ್ದೆ ಕೂದಲು ಹಿಂಡುವವಳು, ಕೋತಿ ಸೀರೆ ಎಳೆಯುತ್ತಿರುವವಳು. ಇವರೆಲ್ಲರೂ ರಾಣಿಯರೇ? ಉಳಿ ಹಿಡಿದವನ ಓಣಿಯಲ್ಲಿ ಹೆಂಗಸರು ಇರಲಿಲ್ಲವೇ? ಇಟಲಿಯ ದೇವಮಾತೆಯರಿಗೆ ಮುಖ ಕೊಟ್ಟವರೂ ಬಣ್ಣದವನ ನೆರೆಹೊರೆಯವರೇ ಇದ್ದಾರು.

ಸರಿ, ಗೋಡೆಯ ಮೇಲೆ ಶಿವ ಆದ, ಪಾರ್ವತಿ ಆದಳು, ಧಾರೆ ಎರೆಯುವ ಪರ್ವತರಾಜನೂ ಆದ. ಪಾರ್ವತಿಯ ತಾಯಿ ಮೇನಾದೇವಿ ಮಾತ್ರ ಆಗಲಿಲ್ಲ. ಮಗಳನ್ನು ಕೊಟ್ಟು ಕಳಿಸುವ ತಾಯಿಯ ಮುಖ ಹೇಗಿರುತ್ತದೆ? ಬರೆದೆ, ಒರೆಸಿದೆ, ಮತ್ತೆ ಬರೆದೆ. ಗೊಂಬೆಯ ಮುಖವೇ ಬರುತ್ತಿತ್ತು.

ಆಗ ಈರಮ್ಮ ಕಂಡಳು. ಸಾಹುಕಾರರ ಗೋದಾಮಿನಲ್ಲಿ ಕೊಬ್ಬರಿ ಆರಿಸುವ ಕೆಲಸ ಅವಳದು. ಮಗಳನ್ನು ಹಗರೆಗೆ ಕೊಟ್ಟಿದ್ದಳು. ಅವತ್ತು ಗಂಡನ ಮನೆಗೆ ಹೊರಟ ಮಗಳನ್ನು ಬಸ್ಸು ಹತ್ತಿಸಿ ನಿಂತಿದ್ದಳು. ಬಸ್ಸು ಕಣ್ಮರೆಯಾದ ಮೇಲೂ ಆ ಕಡೆಗೇ ನೋಡುತ್ತಿದ್ದಳು. ಅಳುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ನನಗೆ ಬೇಕಾದ ಮುಖ ಅದೇ.

ನಾನು ಕರೆದ ಮೇಲೆ ಮಧ್ಯಾಹ್ನದ ಬಿಡುವಿನಲ್ಲಿ ಛತ್ರಕ್ಕೆ ಬಂದು ಕೂತಳು. ಅವಳ ಮುಖ ಯಾರಿಗೆ ಅಂತ ಹೇಳಿದೆ. ಗೋಡೆಯ ಹತ್ತಿರ ಹೋಗಿ ನೋಡಿದಳು. ಆಮೇಲೆ ಒಂದೇ ಒಂದು ಕೇಳಿಕೊಂಡಳು.

"ಹಸ್ರು ಸೀರೆ ಉಡ್ಸಿ ಸ್ವಾಮಿ. ಮಗ್ಳ ಧಾರೇಲಿ ಉಡಕ್ಕಾಗ್ನಿಲ್ಲ."

ಉಡಿಸಿದೆ. ಸಾಹುಕಾರರು ತರಿಸಿದ್ದ ಚಿನ್ನದ ರೇಕಿನಲ್ಲೇ ಅಂಚನ್ನೂ ಎಳೆದೆ.

ಇನ್ನು ಕಣ್ಣಿನ ವಿಷಯ. ನಮ್ಮ ಮನೆತನದಲ್ಲಿ ಒಂದು ಕ್ರಮವಿದೆ. ಚಿತ್ರವೆಲ್ಲ ಮುಗಿದ ಮೇಲೆ ಕಟ್ಟಕಡೆಗೆ ಕಣ್ಣು ಬರೆಯುವುದು. ಅಲ್ಲಿಯವರೆಗೆ ಏನನ್ನು ಬೇಕಾದರೂ ಒರೆಸಬಹುದು. ಕಣ್ಣು ಬಂದ ಮೇಲೆ ಆ ಮುಖಕ್ಕೆ ಜೀವ ಬಂದ ಲೆಕ್ಕ. ಅಳಿಸಿದವನಿಗೂ ಒಳ್ಳೆಯದಲ್ಲ, ಅಳಿಸು ಅಂದವನಿಗೂ ಒಳ್ಳೆಯದಲ್ಲ. ಇದು ಸಾಹುಕಾರರಿಗೂ ಚೆನ್ನಾಗಿ ಗೊತ್ತು. ಅವರ ದೇವರ ಮನೆಯ ಪಟಗಳನ್ನೆಲ್ಲ ಬರೆದವರು ನಮ್ಮಪ್ಪನೇ.

ಮಂಗಳವಾರ ಕಣ್ಣು ಬರೆಯಲು ಕೂತೆ. ಬರುವ ಸೋಮವಾರ ಮಠದ ಸ್ವಾಮಿಗಳು ಬಂದು ಛತ್ರದ ಬಾಗಿಲು ತೆರೆಯುತ್ತಾರೆ, ಅಷ್ಟರೊಳಗೆ ಮುಗಿಯಬೇಕು. ಸಾಹುಕಾರರು ನೋಡಲು ಬಂದರು. ಮೂಲೆಯಲ್ಲಿ ತಮ್ಮ ರುಮಾಲು ನೋಡಿ ಸಂತೋಷಪಟ್ಟರು. ಉಂಗುರ ನೋಡಿದರು. ಮುಗಿದ ಕೈಯ ನೇರಕ್ಕೆ ದೃಷ್ಟಿ ಹರಿಸಿದರು. ಅಲ್ಲಿ ಹಸಿರು ಸೀರೆ, ಅದರ ಮೇಲೊಂದು ಹಚ್ಚೆ ಹಾಕಿದ ಗದ್ದ.

"ಇದು ನಮ್ಮ ಗೋದಾಮಿನ ಈರಮ್ಮ ಅಲ್ವೇನ್ರೀ?"

ಹೌದು ಅಂದೆ.

"ಅವಳಿಗೆ ನಾನು ಕೈ ಮುಗ್ಕೊಂಡು ಕೂತಿರಬೇಕಾ? ಊರೋರೆಲ್ಲ ನೋಡೋ ಹಾಗೆ?"

ಕೈ ಮುಗಿದಿರುವುದು ಮೇನಾದೇವಿಗೆ ಅಂತ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಗೋಡೆ ತಮ್ಮದು, ಬಣ್ಣ ತಮ್ಮದು, ಚಿನ್ನ ತಮ್ಮದು ಅಂದರು. ಬೇಕಾದರೆ ತಮ್ಮ ಮನೆಯಾಕೆಯ ಮುಖ ಬರೆಯಬಹುದಲ್ಲ ಅಂದರು. ಗೋಡೆ ಅವರದು, ಅದು ನಿಜವೇ. ಆದರೆ ಬಸ್ಸು ಹೋದ ದಾರಿ ನೋಡುತ್ತ ನಿಂತವಳು ಈರಮ್ಮ ಅಲ್ಲವೇ?

ಸೋಮವಾರಕ್ಕೆ ಅಂತ ನೆಲ ತೊಳೆಯಲು ಬಂದ ಹೆಂಗಸರ ಜೊತೆ ಈರಮ್ಮನೂ ಅಲ್ಲೇ ಇದ್ದಳು. ಸಾಹುಕಾರರು ಅವಳ ಕಡೆ ತಿರುಗಿದರು. ಅವಳ ಬಾಯಿಂದಲೇ ಬೇಡ ಅನ್ನಿಸಿದರೆ ನಾನು ಮಾತಾಡುವ ಹಾಗಿಲ್ಲವಲ್ಲ? ಅಳಿಸಿಬಿಡಿ ಅಂತ ನೀನೇ ಹೇಳು ಈರಮ್ಮ ಅಂದರು.

ಅವಳ ಅನ್ನ ಇರುವುದು ಅವರ ಗೋದಾಮಿನಲ್ಲಿ. ಹೂಂ ಅಂದಿದ್ದರೆ ಯಾರು ತಪ್ಪು ಹೇಳುತ್ತಿದ್ದರು? ನಾನಂತೂ ಹೇಳುತ್ತಿರಲಿಲ್ಲ. ಈರಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಸೆರಗು ಸರಿ ಮಾಡಿಕೊಂಡಳು.

"ಸೋಮಾರ ನನ್ ಮಗ್ಳು ಇದ್ನ ನೋಡಕ್ ಬತ್ತಾವ್ಳೆ, ಬುದ್ಧಿ."

ಅಷ್ಟೇ. ಬೇಡ ಅನ್ನಲಿಲ್ಲ, ಬೇಕು ಅಂತ ಕೈ ಚಾಚಲೂ ಇಲ್ಲ. ಸಾಹುಕಾರರು ನನ್ನ ಕಡೆ ತಿರುಗಿ ಅಳಿಸಿ ಅಂದರು. ನಾನು ಏನು ಮಾಡಿದೆ ಅಂತ ಮೊದಲೇ ಹೇಳಿದ್ದೇನೆ. ಶಿವನಿಗಿಂತ ಮೊದಲು, ಪಾರ್ವತಿಗಿಂತ ಮೊದಲು, ಈರಮ್ಮನ ಎರಡು ಕಣ್ಣು. (ಶಿವ ಬೇಸರ ಮಾಡಿಕೊಳ್ಳಲಾರ. ಎಷ್ಟಾದರೂ ಅತ್ತೆ.)

ಕಣ್ಣು ಬಂದ ಮುಖವನ್ನು ಒರೆಸು ಅನ್ನುವ ಧೈರ್ಯ ಸಾಹುಕಾರರಿಗಿಲ್ಲ. ಗೋಡೆಗೆಲ್ಲ ಸುಣ್ಣ ಬಳಿಸೋಣವೆಂದರೆ ಶಿವನೂ ಹೋಗುತ್ತಾನೆ. ಕೈಕೋಲು ಕುಟ್ಟುತ್ತ ಹೊರಟುಹೋದರು. ಸಂಜೆ ಮಂಡಿಯ ಗುಮಾಸ್ತ ಬಂದ. ಹಾಗಾದರೆ ಸಾಹುಕಾರರನ್ನೇ ಚಿತ್ರದಿಂದ ತೆಗೆಯಬೇಕಾದೀತು, ಯೋಚನೆ ಮಾಡುತ್ತಿದ್ದಾರೆ ಅಂದ. ಧಾರಾಳವಾಗಿ ಯೋಚನೆ ಮಾಡಲಿ ಅಂದೆ.

ಈರಮ್ಮ ಮರುದಿನವೂ ಗೋದಾಮಿಗೆ ಹೋದಳು. ಯಾರೂ ಬರಬೇಡ ಅನ್ನಲಿಲ್ಲ. ಅಂದಿದ್ದರೆ ಈ ಬರಹ ಇಷ್ಟು ಮೆತ್ತಗೆ ಇರುತ್ತಿರಲಿಲ್ಲ.

ಕೊಡುವವರು ದೊಡ್ಡವರು, ಒಪ್ಪುತ್ತೇನೆ. ಅವರಿಲ್ಲದಿದ್ದರೆ ಬೇಲೂರು ಇಲ್ಲ, ಇಟಲಿಯ ಆ ಚಿತ್ರಗಳಿಲ್ಲ, ನನ್ನ ಮನೆಯ ಒಲೆಯೂ ಉರಿಯುವುದಿಲ್ಲ. ಸ್ಕೂಲಿಗೆ ಗಂಟೆ ಕೊಟ್ಟವರು ಗಂಟೆಯ ಮೇಲೆ ಹೆಸರು ಹಾಕಿಸಿಕೊಳ್ಳಲಿ, ಬೇಡ ಅಂದವರು ಯಾರು? ಹಾಗಂತ ಯಾವ ಮಗು ಒಳಗೆ ಬರಬೇಕು ಅಂತಲೂ ಅವರೇ ಹೇಳುವುದೇ? ಛತ್ರದಲ್ಲಿ ಊಟ ಶುರುವಾದಾಗ ಈರಮ್ಮನ ಎಲೆ ಎಲ್ಲಿ ಬೀಳುತ್ತದೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಕಡೆಯ ಪಂಕ್ತಿಗೆ, ಬಾಗಿಲಾಚೆಗೆ. ಗೋಡೆಯ ಮೇಲಾದರೂ ಅವಳು ಮುಂದೆ ನಿಲ್ಲಲಿ. ಉಣ್ಣುವವರು ತಲೆಯೆತ್ತಿದಾಗಲೆಲ್ಲ ಕಾಣಲಿ.

ಈಗ ಚಿತ್ರದಲ್ಲಿ ಎಲ್ಲರಿಗೂ ಕಣ್ಣಿದೆ, ಮೂಲೆಯ ಒಬ್ಬರನ್ನು ಬಿಟ್ಟು. ನಾನು ಬರೆಯಲೂ ಸಿದ್ಧ, ಒರೆಸಲೂ ಸಿದ್ಧ. ಭಾನುವಾರ ಸಂಜೆಯವರೆಗೆ ಛತ್ರದಲ್ಲೇ ಇರುತ್ತೇನೆ, ಹೇಳಿಕಳಿಸಿದರೆ ಸಾಕು.

ಸಾಹುಕಾರರೇ, ಕೈ ಮುಗಿದು ಕೂರುತ್ತೀರೋ, ಎದ್ದು ಹೋಗುತ್ತೀರೋ?