ಭಾವನ ಬಾಯಲ್ಲಿ ಉಳಿದ ಮಾತು

ನಮ್ಮ ಭಾವನಿಗೆ ಆಫೀಸಿನಲ್ಲಿದ್ದ ಹೆಸರು ಗುರುಗಳು. ಭಕ್ತಿಯಿಂದ ಇಟ್ಟದ್ದಲ್ಲ, ಕೀಟಲೆಗೆ ಇಟ್ಟದ್ದು. ವಿದ್ಯುತ್ ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿ ಬಿಲ್ಲಿನ ಪ್ರೋಗ್ರಾಂ ನೋಡಿಕೊಳ್ಳುವುದು ಅವರ ಕೆಲಸ. ಕಿಟಕಿ ತೆರೆಯದ ಕೋಣೆ, ಸದಾ ಗುಂಯ್ ಎನ್ನುವ ಏಸಿ. ಅಲ್ಲಿ ಮಧ್ಯಾಹ್ನ ಊಟದ ಡಬ್ಬಿ ತೆರೆದರೆಂದರೆ ಕಂಪ್ಯೂಟರ್ ಭಾಷೆಗಳ ಬಗ್ಗೆ ಅವರ ಪ್ರವಚನ ಶುರು. ಸಂಜೆ ಮನೆಗೆ ಬಂದು ಅದನ್ನೇ ಅಕ್ಕನಿಗೂ, ನಾನು ಹೋಗಿದ್ದರೆ ನನಗೂ ಒಪ್ಪಿಸುತ್ತಿದ್ದರು.

“ನೋಡ್ರಪ್ಪಾ, ಸಿ ಅನ್ನೋದು ಸನ್ಯಾಸಿಗಳ ಮತ. ಎಲ್ಲಾ ನೀನೇ ಮಾಡ್ಕೋಬೇಕು. ತಪ್ಪು ಮಾಡಿದ್ರೆ ಯಾರೂ ತಡೆಯಲ್ಲ, ಸೀದಾ ನರಕ. ಜಾವಾ ಹಾಗಲ್ಲ, ಅದು ದೊಡ್ಡ ಮಠ. ಬರೀ ನಮಸ್ಕಾರ ಅನ್ನೋಕೂ ನಾಲ್ಕು ಜನರ ಅಪ್ಪಣೆ ಬೇಕು. ಪೈಥಾನ್ ಹೊಸ ಗುರು. ಯಾರು ಬಂದ್ರೂ ಒಳಗೆ ಬಿಡ್ತಾನೆ, ಆದ್ರೆ ಸಾಲು ಚೂರು ಆಚೀಚೆ ಆದ್ರೂ ಬಹಿಷ್ಕಾರ!”

“ಆ ಹಳೇ ಕೋಬಾಲ್, ಗುರುಗಳೇ?” ಎಂದು ಜೊತೆಯವರು ಕೆಣಕುತ್ತಿದ್ದರಂತೆ.

“ಅದು ಸತ್ತ ಹಿರಿಯರ ಪೂಜೆ. ಯಾರಿಗೂ ನಂಬಿಕೆ ಇಲ್ಲ, ನಿಲ್ಲಿಸೋಕೆ ಯಾರಿಗೂ ಧೈರ್ಯ ಇಲ್ಲ.”

ಅಕ್ಕನಿಗೆ ಇದರಲ್ಲಿ ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ. ಆದರೂ ಗಂಡನ ಮುಖ ನೋಡಿ ಎಲ್ಲಿ ನಗಬೇಕೋ ಅಲ್ಲಿ ಸರಿಯಾಗಿ ನಗುತ್ತಿದ್ದಳು. ದೇವರ ವಿಷಯಕ್ಕೆ ಬಂದರೆ ಮಾತ್ರ ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಅವಳು ಕೈಮುಗಿಯದೆ ಬೆಳಿಗ್ಗೆ ತೊಟ್ಟು ನೀರು ಕುಡಿಯುವವಳಲ್ಲ. ಭಾವ ಪ್ರಾರ್ಥನೆಯೆಂದರೆ ಮಾರು ದೂರ. “ನನ್ನದೂ ಒಂದು ಮಾತು ಸೇರಿಸಿ ಹೇಳ್ಬಿಡೇ. ಒಂದೇ ಮನೆಯಿಂದ ಇಬ್ಬರು ಯಾಕೆ ಅವನ ತಲೆ ತಿನ್ನೋದು?” ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಶೂ ಹಾಕಿಕೊಳ್ಳಲು ಬಾಗಿದವರು ಹಾಗೇ ಗೋಡೆಗೆ ಒರಗಿಬಿಟ್ಟರು. ಅಕ್ಕನ ಫೋನ್ ಬಂದಾಗ ನಾನು ನನ್ನ ಹೊಲಿಗೆ ಅಂಗಡಿಯಲ್ಲಿದ್ದೆ. ಕೊರಳಲ್ಲಿದ್ದ ಅಳತೆ ಟೇಪು ತೆಗೆಯುವುದನ್ನೂ ಮರೆತು ಓಡಿದೆ. ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಡಾಕ್ಟರು. ಜೀವ ಉಳಿಯಿತು. ಬಲಗೈ ಹೋಯಿತು, ಮಾತು ಹೋಯಿತು.

ನಾವು ಹೇಳಿದ್ದೆಲ್ಲ ಭಾವನಿಗೆ ತಿಳಿಯುತ್ತಿತ್ತು. ಅದೇ ದೊಡ್ಡ ಸಂಕಟ. ನೀರು ಬೇಕಾದಾಗ ಲೋಟ ನೋಡಿ “ತ, ತ” ಎನ್ನುತ್ತಿದ್ದರು. ತಾವು ಹೇಳಹೊರಟಿದ್ದು ಅದಲ್ಲವೆಂದು ಅವರಿಗೇ ಗೊತ್ತಾಗಿ ಮುಖ ತಿರುಗಿಸಿಕೊಳ್ಳುತ್ತಿದ್ದರು.

ಮನೆಗೆ ಕರೆತಂದ ಮೇಲೆ ಆಫೀಸಿನವರು ನೋಡಲು ಬಂದರು. ಎಲ್ಲರೂ ಮಂಚದ ಸುತ್ತ ನಿಂತು ಫ್ಯಾನು ನೋಡಿದರು, ನೆಲ ನೋಡಿದರು. ಅವರ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದವನಿಗೆ ಆ ಮೌನ ತಡೆಯಲಾಗಲಿಲ್ಲವೇನೋ.

“ಗುರುಗಳೇ, ನೀವು ಬರೋವರೆಗೂ ಪ್ರವಚನ ನಂದೇ. ಕೇಳಿ, ತಪ್ಪಿದ್ರೆ ಬೈಯಿರಿ. ಸಿ ಅನ್ನೋದು ಒಂದು ದೊಡ್ಡ ಮಠ…”

ಭಾವನ ಹುಬ್ಬು ಗಂಟಿಕ್ಕಿತು. ತಪ್ಪು, ತಪ್ಪು ಎಂಬಂತೆ ತಲೆಯಾಡಿಸಿದರು. ಎಡಗೈ ಮೇಲೆತ್ತಿದರು. ತುಟಿ ತಡಕಾಡಿತು. ಆಮೇಲೆ ಮಾತು ಬಂತು. ಒಂದಕ್ಷರವೂ ತೊದಲದೆ ಸ್ಪಷ್ಟವಾಗಿ ಬಂದದ್ದು ಮಕ್ಕಳು ಮಲಗುವ ಮುಂಚೆ ಹೇಳುವ ಪ್ರಾರ್ಥನೆ. ಯಾವ ಕಾಲದಲ್ಲಿ ಅವರಮ್ಮ ಕಲಿಸಿದ್ದೋ, ನಾಲ್ಕು ಸಾಲೂ ಪೂರ್ತಿ ಬಂತು.

ಗುರುಗಳು ತಮಾಷೆ ಮಾಡುತ್ತಿದ್ದಾರೆಂದುಕೊಂಡು ಪಕ್ಕದ ಕುರ್ಚಿಯವನು ಚಪ್ಪಾಳೆ ತಟ್ಟಿ ನಕ್ಕ. ಉಳಿದವರೂ ನಕ್ಕರು. ಅಕ್ಕ ಕೈಮುಗಿದಳು. ಭಾವ ಒಬ್ಬೊಬ್ಬರ ಮುಖವನ್ನೂ ನೋಡಿ ಮತ್ತೆ ಬಾಯಿ ತೆರೆದರು. ಮತ್ತೆ ಅದೇ ಬಂತು. ಇನ್ನೊಮ್ಮೆ ಶುರುವಾದಾಗ ಎಡಗೈಯಿಂದ ಬಾಯಿ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ನಕ್ಕವರು ಚಪ್ಪಲಿ ಹುಡುಕಿಕೊಂಡು ಹೊರಟರು.

ಮಾತು ಕಲಿಸಲು ಬರುತ್ತಿದ್ದ ಹುಡುಗಿ ಮರುದಿನ ತಿಳಿಸಿ ಹೇಳಿದಳು. “ಚಿಕ್ಕಂದಿನಲ್ಲಿ ಬಾಯಿಪಾಠ ಆಗಿದ್ದು ಹಾಗೇ ಉಳ್ಕೊಳ್ಳುತ್ತೆ ಅಮ್ಮ. ಹೊಸದಾಗಿ ಮಾತು ಕಟ್ಟೋದೇ ಕಷ್ಟ.”

ಅಕ್ಕ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಹೊತ್ತಿಲ್ಲ ಗೊತ್ತಿಲ್ಲ, “ರೀ, ಒಂದ್ಸಲ ಹೇಳ್ರೀ” ಎಂದು ಗೋಗರೆಯುವಳು. ಭಾವ ತುಟಿ ಬಿಗಿದು ಗೋಡೆಯ ಕಡೆ ಹೊರಳುವರು. ನನಗೆ ನೋಡಿ ನೋಡಿ ಸಾಕಾಯಿತು. ಅಡುಗೆಮನೆಯಲ್ಲಿ ಅವಳನ್ನು ತರಾಟೆಗೆ ತೆಗೆದುಕೊಂಡೆ.

“ಜೀವಮಾನ ಪೂರ್ತಿ ಬೇಡ ಅಂದೋರ ಬಾಯಲ್ಲಿ ಈಗ ದೇವರ ಹೆಸರು ಹೇಳಿಸ್ತೀಯಲ್ಲ, ನಿನಗೆ ಕರುಳು ಇದೆಯೇನೇ? ಗೆದ್ದೆ ಅಂತ ತೋರಿಸ್ಬೇಕಾ?”

ತಟ್ಟೆ ಒರೆಸುತ್ತಿದ್ದವಳು ನಿಂತಳು. “ದೇವರಿಗೋಸ್ಕರ ಅಲ್ಲ ಕಣೇ. ಅದನ್ನ ಹೇಳುವಾಗ ಮಾತ್ರ ಅವರ ದನಿ ಮುಂಚಿನ ಹಾಗಿರುತ್ತೆ. ನನಗೆ ಆ ದನಿ ಕೇಳ್ಬೇಕು, ಅಷ್ಟೇ.”

ಅಡುಗೆಮನೆಗೂ ಮಂಚಕ್ಕೂ ನಡುವೆ ಇದ್ದದ್ದು ಬರೀ ಪರದೆ, ಭಾವನಿಗೂ ಕೇಳಿಸಿರಬೇಕು. ಅಂದು ಸಂಜೆ ಅಕ್ಕ ಕಾಲು ಒತ್ತುತ್ತಾ ಕೂತಿದ್ದಾಗ ಅವಳು ಕೇಳದೆಯೇ ಅವರು ಪ್ರಾರ್ಥನೆ ಶುರು ಮಾಡಿದರು. ಕಣ್ಣು ಅವಳ ಮೇಲೆಯೇ ಇತ್ತು. ಅಕ್ಕ ಕೈಮುಗಿಯಲಿಲ್ಲ. ಕಾಲು ಒತ್ತುವುದನ್ನು ನಿಲ್ಲಿಸಿ ಕೇಳಿದಳು.

ಆಮೇಲೆ ಭಾವ ಕೆಲವು ಮಾತು ಕಲಿತರು. ನೀರು, ಸಾಕು, ಬಾ. ಅಕ್ಕನ ಹೆಸರು ಅರ್ಧ ಬರುತ್ತಿತ್ತು, ಅವಳಿಗೆ ಅಷ್ಟೇ ಸಾಕಿತ್ತು. ಆಫೀಸಿನವರು ಮತ್ತೆ ಬರಲಿಲ್ಲ. ಪಕ್ಕದ ಕುರ್ಚಿಯವನು ಮಾತ್ರ ಆಗಾಗ ಬಂದು ಸುಮ್ಮನೆ ಕೂತು ಹೋಗುತ್ತಿದ್ದ. ಮುಂದಿನ ಚಳಿಗಾಲದಲ್ಲಿ ಜ್ವರ ಎದೆಗೆ ಇಳಿಯಿತು. ಆಸ್ಪತ್ರೆಗೆ ಸೇರಿಸಿದ ಮೇಲೆ ಭಾವ ಹೆಚ್ಚು ದಿನ ಉಳಿಯಲಿಲ್ಲ.

ಮಕ್ಕಳಿರಲಿಲ್ಲ. ಅಕ್ಕ ಮನೆ ಬಿಟ್ಟು ನನ್ನ ಜೊತೆ ಬಂದಳು. ಮೊದಲು ಅಂಗಡಿಯ ಮೂಲೆಯಲ್ಲಿ ಬಟ್ಟೆಯ ಗಂಟಿನ ಹಾಗೆ ಕೂತಿರುತ್ತಿದ್ದಳು. ಈಗ ಗುಂಡಿ ಹೊಲಿಯುತ್ತಾಳೆ, ಗಿರಾಕಿಗಳಿಗೆ ಚಿಲ್ಲರೆ ಕೊಡುತ್ತಾಳೆ. ನಿಮ್ಮಕ್ಕ ಮಾತೇ ಆಡಲ್ವಲ್ಲ ಎಂದು ಯಾರಾದರೂ ಕೇಳಿದರೆ, ಆಡುತ್ತಾಳೆ, ಸ್ವಲ್ಪ ನಿಧಾನ ಎನ್ನುತ್ತೇನೆ.